ಎರಿ ಹೊಲದಿಂದ ಮಾರ್ಕ್ಸ್‌ವಾದದ ಓದು

1867ರಲ್ಲಿ ಹೊರಬಂದ ಮಾರ್ಕ್ಸ್‌ನ 'ಬಂಡವಾಳ'ದ ಮೊದಲ ಸಂಪುಟದಲ್ಲಿ, ಯಂತ್ರಗಳ ಅಧ್ಯಾಯದ ನಡುವೆ, ಹತ್ತಿಯ ಒಂದು ಲೆಕ್ಕ ಬರುತ್ತದೆ. ಹತ್ತಿಯ ಬೀಜ ಬಿಡಿಸುವ ಭಾರತದ ಹಳೆಯ ಚರ್ಕಾದಲ್ಲಿ ಒಬ್ಬ ಗಂಡಾಳು, ಒಬ್ಬ ಹೆಣ್ಣಾಳು ದಿನಕ್ಕೆ 28 ಪೌಂಡ್ ಅರಳೆ ತೆಗೆಯುತ್ತಾರೆ. ಡಾ. ಫೋರ್ಬ್ಸ್ ರೂಪಿಸಿದ ಚರ್ಕಾದಲ್ಲಿ ಒಬ್ಬಾಳು, ಒಬ್ಬ ಹುಡುಗ ಸೇರಿ 250 ಪೌಂಡ್ ತೆಗೆಯುತ್ತಾರೆ. ಎತ್ತು ಹೂಡಿದ 16 ಯಂತ್ರಗಳು 750 ಜನರ ಕೆಲಸ ಮುಗಿಸುತ್ತವೆ. ಈ ಫೋರ್ಬ್ಸ್ ಧಾರವಾಡದ ಸರ್ಕಾರಿ ಜಿನ್ ಕಾರ್ಖಾನೆಯ ಮೇಲ್ವಿಚಾರಕ. ಮಾರ್ಕ್ಸ್ ಧಾರವಾಡದ ಹೆಸರೆತ್ತುವುದಿಲ್ಲ. ಕೆಲಸ ಕಳೆದುಕೊಂಡ ಆ ಜನ ಮುಂದೆ ಯಾವ ಹೊಲದಲ್ಲಿ ದುಡಿದರು, ಯಾರ ಸಾಲಕ್ಕೆ ಬಿದ್ದರು ಎಂಬ ಪ್ರಶ್ನೆಯೂ ಅಲ್ಲಿಲ್ಲ. ನಮ್ಮ ದುಡಿಮೆ ಅವನ ಪುಸ್ತಕದೊಳಗಿದೆ, ನಮ್ಮ ಚರಿತ್ರೆ ಹೊರಗುಳಿದಿದೆ. ಮಾರ್ಕ್ಸ್‌ವಾದಿ ಚರಿತ್ರೆ ಯುರೋಪ್‌ಕೇಂದ್ರಿತ ಎಂಬ ಆಕ್ಷೇಪವನ್ನು ಇಲ್ಲಿಂದಲೇ ಪರೀಕ್ಷಿಸಬೇಕು.

1853ರ ಪತ್ರಿಕಾ ಲೇಖನಗಳಲ್ಲಿ ಮಾರ್ಕ್ಸ್ ಕಂಡ ಭಾರತ ಚಲನೆಯಿಲ್ಲದ ಹಳ್ಳಿಗಳ ನಾಡು. ಆದರೆ ಈ ನಾಡು ನಿಂತಲ್ಲೇ ನಿಂತಿರಲಿಲ್ಲ. ಸವದತ್ತಿಯ ರಟ್ಟರ ಕಾಲವನ್ನೇ ನೋಡಿ: 1204ರ ಬೆಳಗಾವಿ ಶಾಸನದಲ್ಲಿ ಕೂಂಡಿ ಮೂರು ಸಾವಿರ ನಾಡಿನ ವರ್ತಕರ ಜೊತೆ ಗುಜರಾತಿನ ಕಡೆಯ ಲಾಟದವರೂ ಮಲೆಯಾಳದವರೂ ಇದ್ದಾರೆ. ಲಂಡನ್ನಿನಲ್ಲಿ ಕೂತವನಿಗೆ ಈ ಶಾಸನ ಸಿಗಲಿಲ್ಲ ಎಂದು ಬಿಡಬಹುದು. ಆದರೆ ಅವನ ನಂತರದವರಿಗೆ ಆ ನೆಪ ಇಲ್ಲ. 1881ರಲ್ಲಿ ರಷ್ಯದ ವೇರಾ ಜಸೂಲಿಚ್‌ಗೆ ಬರೆದ ಪತ್ರದಲ್ಲಿ ಮಾರ್ಕ್ಸ್ ತಾನೇ, ತಾನು ಹೇಳಿದ ಅನಿವಾರ್ಯತೆ ಪಶ್ಚಿಮ ಯುರೋಪಿಗೆ ಮಾತ್ರ ಸೀಮಿತ ಎಂದ. ಊಳಿಗಮಾನ್ಯ, ಅದರ ಮೇಲೆ ಬಂಡವಾಳಶಾಹಿ ಎಂಬ ಏಣಿಯನ್ನು ಎಲ್ಲ ನಾಡಿಗೂ ಹೊತ್ತು ತಂದವರು ಬಹುಮಟ್ಟಿಗೆ ಅವನ ಹಿಂಬಾಲಕರು.

ಕಿತ್ತೂರಿನ ಮಟ್ಟಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ಸಾಕೇತ್ ರಾಜನ್ ಅವರ 'ಮೇಕಿಂಗ್ ಹಿಸ್ಟರಿ' (1998, 2004) ಕರ್ನಾಟಕದ ಚರಿತ್ರೆಯನ್ನು ದುಡಿಯುವವರ ಕಡೆಯಿಂದ ಬರೆದ ಅತ್ಯಂತ ಧೈರ್ಯದ ಪ್ರಯತ್ನ. ಅರಮನೆಯಿಂದ ಆಚೆ ಬಂದು ಬ್ರಿಟಿಷರ ವಿರುದ್ಧ ಸಂಗೊಳ್ಳಿ ರಾಯಣ್ಣ ನಡೆಸಿದ ಗೆರಿಲ್ಲಾ ಹೋರಾಟವನ್ನು ನಡುವಿಗೆ ತಂದದ್ದು ಅದರ ದೊಡ್ಡತನ. ಹಾಗಿದ್ದೂ ಅದು ಏಣಿಯನ್ನು ಬಿಡಲಿಲ್ಲ. ಇಲ್ಲಿಯೂ ವರ್ತಕ ಬಂಡವಾಳ ಮೊಳೆಯುತ್ತಿತ್ತು, ಬ್ರಿಟಿಷರು ಅದನ್ನು ಚಿವುಟಿದರು ಎಂಬ ವಾದದಲ್ಲಿ ಯುರೋಪಿನ ದಾರಿಯೇ ಸಹಜ ದಾರಿ, ನಮ್ಮದು ಅಡ್ಡಗಟ್ಟಿದ ದಾರಿ. ರಾಯಣ್ಣ ಶೇತಸನದಿ, ಕಾವಲಿನ ಸೇವೆಗೆ ಭೂಮಿ ಪಡೆದವನು. 1830ರಲ್ಲಿ ಬೀಡಿ ಗ್ರಾಮದ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟವನ ಸಿಟ್ಟು ಸೇವೆಯ ಭೂಮಿಯನ್ನು ಕಂದಾಯದ ಭೂಮಿಯಾಗಿಸಿದ ಹೊಸ ಲೆಕ್ಕದ ಮೇಲಿತ್ತು. ಅವನನ್ನು ಊಳಿಗಮಾನ್ಯ ನಿಷ್ಠನೆಂದರೂ ತಪ್ಪು, ಬರಲಿರುವ ಕ್ರಾಂತಿಯ ಮುಂಗಡ ಪ್ರತಿನಿಧಿ ಎಂದರೂ ತಪ್ಪು.

ಬಂಡವಾಳ ಈ ಸೀಮೆಗೆ ಬಂದದ್ದು ಗಿರಣಿಯ ಚಿಮಣಿಯಿಂದಲ್ಲ, ಎರಿ ಹೊಲದಿಂದ. 1840ರ ದಶಕದಲ್ಲಿ ಧಾರವಾಡದ ಸುತ್ತ ನ್ಯೂ ಆರ್ಲಿಯನ್ಸ್ ಹತ್ತಿ ಬಿತ್ತಿಸಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದೊಡನೆ ದರ ಏರಿತು. ಈ ಹತ್ತಿಗೆಂದೇ ಕಾರವಾರ ಬಂದರಿನ ಕಡೆ ಸರ್ಕಾರದ ಕಣ್ಣು ಹೊರಳಿತು. 1865ರಲ್ಲಿ ಯುದ್ಧ ಮುಗಿದ ಮೇಲೆ ದರ ಬಿತ್ತು, ಸಾಲ ಉಳಿಯಿತು. ಹೊಲ ರೈತನ ಹೆಸರಲ್ಲೇ ಇತ್ತು, ಎತ್ತು ಅವನವೇ, ಬಿತ್ತುವವನೂ ಅವನೇ. ಬೆಳೆ ಮಾತ್ರ ಬಿತ್ತುವ ಮೊದಲೇ ಸಾವುಕಾರನದು. ಇಂಗ್ಲೆಂಡಿನ ಭೂಮಿ ಕಳೆದುಕೊಂಡ ಕೂಲಿಕಾರನನ್ನೇ ಅಳತೆಗೋಲು ಮಾಡಿಕೊಂಡ ಮಾರ್ಕ್ಸ್‌ವಾದಿ ಇತಿಹಾಸಕಾರ ರಾಬರ್ಟ್ ಬ್ರೆನ್ನರ್‌ ಅವರ ವಾದಕ್ಕೆ ಈ ರೈತ ಸಿಕ್ಕುವುದಿಲ್ಲ. ಜೈರಸ್ ಬನಾಜಿ 1977ರಲ್ಲಿ ದಖ್ಖನ್ ಜಿಲ್ಲೆಗಳ ಸಣ್ಣ ರೈತರ ಬಗ್ಗೆ ಬರೆದ ಲೇಖನಕ್ಕೆ ಸಿಕ್ಕುತ್ತಾನೆ: ಭೂಮಿ ಕೈಯಲ್ಲಿದ್ದೂ ಸಾಲದ ಮೂಲಕ ಬಂಡವಾಳಕ್ಕೆ ದುಡಿಯುವವನು. ಬನಾಜಿಯೂ ಮಾರ್ಕ್ಸ್‌ವಾದಿಯೇ. ಹಾಗಾಗಿ ದೋಷ ಇಡೀ ಪರಂಪರೆಯದಲ್ಲ. ದುಡಿಮೆಯ ಲಾಭ ಯಾರಿಗೆ ಹೋಯಿತೆಂದು ಹುಡುಕುವ ಅದರ ವಿಧಾನ ಬೈಲಹೊಂಗಲದ ಅಡತಿ ಅಂಗಡಿಯಲ್ಲೂ ರಾಮದುರ್ಗದ ಮಗ್ಗದ ಮನೆಯಲ್ಲೂ ನಡೆಯುತ್ತದೆ.

ಹಾಗೆಂದೇ 'ಮಾರ್ಕ್ಸ್ ಪರದೇಶಿ, ನಮ್ಮ ನೆಲಕ್ಕೆ ಒಗ್ಗದವ' ಎಂಬ ಸಲೀಸಾದ ತಳ್ಳಿಹಾಕುವಿಕೆಯನ್ನು ನಾನು ಒಪ್ಪಲಾರೆ. ಅದರ ಮರೆಯಲ್ಲಿ ಊರೊಳಗಿನ ಶೋಷಣೆ ಆರಾಮಾಗಿ ಅಡಗುತ್ತದೆ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಪ್ರತಿಭಟಿಸುತ್ತಿದ್ದ ರೈತರ ಮೇಲೆ ಗೋಲಿಬಾರ್ ಆಯಿತು. ಸವದತ್ತಿ ಬಳಿಯ ನವಿಲುತೀರ್ಥದ ಮಲಪ್ರಭಾ ಅಣೆಕಟ್ಟಿನ ನೀರಿಗೆ ಹಾಕಿದ ಅಭಿವೃದ್ಧಿ ಕರ, ಹತ್ತಿ ದರದ ಕುಸಿತ ಆ ಪ್ರತಿಭಟನೆಯ ಹಿಂದಿದ್ದವು. ಶ್ರೀಮಂತ ರೈತರ ಚಳವಳಿ ಎಂದು ಅದನ್ನು ಬದಿಗಿಟ್ಟ ಎಡಪಂಥೀಯರು ಸಣ್ಣ ಹಿಡುವಳಿದಾರನ ಸಾಲವನ್ನು ನೋಡಲಿಲ್ಲ. ಅನ್ನದಾತನ ಬಂಡಾಯ ಎಂದು ಕೊಂಡಾಡಿದವರು ಹತ್ತಿ ಬಿಡಿಸುವ ಹೆಂಗಸರ ಕೂಲಿಯನ್ನು ಕೇಳಲಿಲ್ಲ. ಆ ಹೆಂಗಸರಲ್ಲಿ ಬಹಳ ಮಂದಿ ಭೂಮಿಯಿಲ್ಲದ ದಲಿತರು. ಅವರ ದಿನಗೂಲಿಯಿಂದ ಹೊರಟು ಜಿನ್‌, ಅಡತಿ, ಬ್ಯಾಂಕು, ಬಂದರುಗಳ ತನಕ ಮಲಪ್ರಭೆಯ ಹತ್ತಿಯ ಚರಿತ್ರೆಯನ್ನು ಕನ್ನಡದ ಮಾರ್ಕ್ಸ್‌ವಾದಿಗಳು ಈಗಲಾದರೂ ಬರೆಯಲಿ.