ನಮ್ಮ ಸೆಕೆಗೆ ಅಗಲದ ಸಿಲಿಂಡರೇ ಸರಿ

ರೋಬೋವಾರ್ ಅಖಾಡದ ಯಂತ್ರಗಳಲ್ಲಿ ನನ್ನ ಓಟು ಯಾವತ್ತೂ ಫ್ಲಿಪ್ಪರ್‌ಗೆ. ಗರಗಸ ತಿರುಗಿಸುವ ಯಂತ್ರ ಕಿಡಿ ಹಾರಿಸಿ ಚಪ್ಪಾಳೆ ಗಿಟ್ಟಿಸುತ್ತದೆ. ಫ್ಲಿಪ್ಪರ್ ಸದ್ದಿಲ್ಲದೆ ಎದುರಾಳಿಯ ಅಡಿಗೆ ನುಸುಳಿ, ಒಂದೇ ಏಟಿಗೆ ಮಗುಚಿ ಹಾಕುತ್ತದೆ. ಬ್ರಿಟನ್ನಿನ ‘ರೋಬೋಟ್ ವಾರ್ಸ್’ ಟಿವಿ ಸ್ಪರ್ಧೆಯಲ್ಲಿ ಜಾರ್ಜ್ ಫ್ರಾನ್ಸಿಸ್ ಕಟ್ಟಿದ ‘ಕೇಯಾಸ್ 2’ ಎದುರಾಳಿಯನ್ನು ಅಖಾಡದ ಗೋಡೆಯಾಚೆಗೇ ಎಸೆದ ಮೊದಲ ಯಂತ್ರ. ಅದರ ತೋಳನ್ನು ಚಿಮ್ಮಿಸುತ್ತಿದ್ದದ್ದು ಬಾಟಲಿಯಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್. ಅಂದಿನಿಂದ ಫ್ಲಿಪ್ಪರ್ ಕಟ್ಟಹೊರಟವರಿಗೆಲ್ಲ ಒಂದೇ ಆಸೆ: ಬಾಟಲಿಯ ಪೂರ್ತಿ ಒತ್ತಡವನ್ನು ಹಾಗೇ ಪಿಸ್ಟನ್‌ಗೆ ಬಿಡಬೇಕು.

ಈ ಆಸೆ ಇಂಗ್ಲೆಂಡಿನ ಹವೆಗೆ ಹೇಳಿ ಮಾಡಿಸಿದ್ದು. ಹಳಿಯಾಳ, ಮುಂಡಗೋಡದ ಏಪ್ರಿಲ್‌ಗೆ ಅಲ್ಲ.

ಕಾರಣ ಅನಿಲದ ಸ್ವಭಾವದಲ್ಲೇ ಇದೆ. ಗಾಳಿ, ಸಾರಜನಕಗಳಂತೆ ಇದು ಬಾಟಲಿಯೊಳಗೆ ಬರೀ ಅನಿಲವಾಗಿ ಕೂರುವುದಿಲ್ಲ. ತಳದಲ್ಲಿ ದ್ರವ, ಮೇಲೆ ಆವಿ. ದ್ರವ ಒಂದಿಷ್ಟು ಉಳಿದಿರುವವರೆಗೂ ಒತ್ತಡವನ್ನು ತೀರ್ಮಾನಿಸುವುದು ಉಷ್ಣತೆ ಮಾತ್ರ. ಜೋಯಿಡಾದಲ್ಲಿ ಚಳಿಗಾಲದ ಮುಂಜಾನೆ 15 ಡಿಗ್ರಿ ಇದ್ದರೆ ಬಾಟಲಿಯಲ್ಲಿ 51 ಬಾರ್. 20 ಡಿಗ್ರಿಗೆ 57. ಉಷ್ಣತೆ 31 ಡಿಗ್ರಿ ಮುಟ್ಟಿದಾಗ 74 ಬಾರ್. ಅಲ್ಲಿಂದಾಚೆಗೆ ದ್ರವ, ಆವಿ ಎಂಬ ಭೇದವೇ ಅಳಿದುಹೋಗುತ್ತದೆ. ಲೀಟರಿಗೆ 670 ಗ್ರಾಂನಂತೆ ತುಂಬಿದ ಬಾಟಲಿಯನ್ನು 40 ಡಿಗ್ರಿಯವರೆಗೆ ಕಾಯಲು ಬಿಟ್ಟರೆ ಒತ್ತಡ 100 ಬಾರ್ ದಾಟುತ್ತದೆ. ಬ್ರಿಟನ್ನಿನ ಸ್ಪರ್ಧಾ ನಿಯಮ ಯಂತ್ರದ ವ್ಯವಸ್ಥೆಗೆ ಹಾಕಿರುವ ಮಿತಿ 68 ಬಾರ್. ನಮ್ಮ ಕಡೆಯ ಒಂದು ಸಾಧಾರಣ ಮಧ್ಯಾಹ್ನ, ಪಂದ್ಯ ಶುರುವಾಗುವ ಮೊದಲೇ, ಆ ಮಿತಿಯನ್ನು ಮೀರಿಸಬಲ್ಲದು.

ನಮ್ಮ ದೇಶದ ಅನೇಕ ಕಾಲೇಜು ಸ್ಪರ್ಧೆಗಳು ಪಿಸ್ಟನ್‌ಗೆ ಹೋಗುವ ಒತ್ತಡವನ್ನು 8ರಿಂದ 10 ಬಾರ್‌ಗೆ ಕಟ್ಟಿಹಾಕುತ್ತವೆ. ಕೈ ಕಟ್ಟಿಹಾಕಿದರೆಂದು ಹುಡುಗರು ಗೊಣಗುತ್ತಾರೆ. ಆದರೆ ಲೆಕ್ಕ ಮಾಡಿದರೆ ನಿಯಮದ ಪರವೇ ವಾಲುತ್ತದೆ.

ಎರಡು ಸಿಲಿಂಡರ್ ತೆಗೆದುಕೊಳ್ಳಿ, ಎರಡರಲ್ಲೂ ಪಿಸ್ಟನ್ ಓಡುವ ದೂರ 150 ಮಿ.ಮೀ. ಒಂದರ ಒಳವ್ಯಾಸ 50 ಮಿ.ಮೀ., ಒತ್ತಡ 57 ಬಾರ್. ಇನ್ನೊಂದರದು 100 ಮಿ.ಮೀ., ಒತ್ತಡ 8 ಬಾರ್. ಮೊದಲನೆಯದು ಸುಮಾರು 1,100 ಕೆಜಿ ತೂಕದಷ್ಟು ಬಲದಿಂದ ತಳ್ಳುತ್ತದೆ, ಎರಡನೆಯದು 640. ಏಟಿನ ಶಕ್ತಿ ಕ್ರಮವಾಗಿ 1,650 ಮತ್ತು 940 ಜೂಲ್. 60 ಕೆಜಿಯ ಎದುರಾಳಿಯನ್ನು ಒಂದು ಮೀಟರ್ ಎತ್ತಲು 590 ಜೂಲ್ ಸಾಕು. ಇನ್ನು ಖರ್ಚು: ಈ ಅನಿಲ ಹೆಚ್ಚು ಒತ್ತಡದಲ್ಲಿ ವಿಪರೀತ ದಟ್ಟವಾಗುವುದರಿಂದ ಮೊದಲ ಸಿಲಿಂಡರ್ ತುಂಬಲು ಏಟಿಗೆ 55 ಗ್ರಾಂಗಿಂತ ಹೆಚ್ಚು ಬೇಕು, ಎರಡನೆಯದಕ್ಕೆ 20 ಗ್ರಾಂ. ಒಂದೊಂದು ಗ್ರಾಮಿನಿಂದ ಹೆಚ್ಚು ದುಡಿಸುವುದು ಅಗಲದ ಸಿಲಿಂಡರೇ.

ಗ್ರಾಂ ಉಳಿದರೆ ಶಾಖವೂ ಉಳಿಯಿತು. ಏಟಿನಿಂದ ಏಟಿಗೆ ಬಾಟಲಿಯ ದ್ರವ ಕುದಿದು ಆವಿಯಾಗಬೇಕು. ಕುದಿಯಲು ಬೇಕಾದ ಶಾಖವನ್ನು ಅದು ತನ್ನಿಂದಲೇ, ಬಾಟಲಿಯ ಲೋಹದಿಂದಲೇ ಹೀರುತ್ತದೆ. 600 ಗ್ರಾಂ ದ್ರವವಿರುವ ಅಲ್ಯೂಮಿನಿಯಂ ಬಾಟಲಿಯಿಂದ ಮೂರು ನಿಮಿಷದಲ್ಲಿ 200 ಗ್ರಾಂ ಎಳೆದರೆ ಅದು ಸುಮಾರು ಹತ್ತು ಡಿಗ್ರಿ ತಣ್ಣಗಾಗುತ್ತದೆ. 57 ಬಾರ್ ಇದ್ದದ್ದು 45ರ ಆಸುಪಾಸಿಗೆ ಬರುತ್ತದೆ. ಪೂರ್ತಿ ಒತ್ತಡದ ಯಂತ್ರಕ್ಕೆ ಈ ಕುಸಿತ ನೇರವಾಗಿ ತಟ್ಟುತ್ತದೆ. ಒತ್ತಡ ಇಳಿಸಿಕೊಡುವ ರೆಗ್ಯುಲೇಟರಿನ ಹಿಂದೆ 8 ಬಾರ್‌ನಲ್ಲಿ ದುಡಿಯುವ ಯಂತ್ರಕ್ಕೆ ಗೊತ್ತೂ ಆಗುವುದಿಲ್ಲ.

ಹಾಗಿದ್ದರೆ ಕಡಿಮೆ ಒತ್ತಡದ ಫ್ಲಿಪ್ಪರ್‌ಗಳಲ್ಲಿ ಬಹಳಷ್ಟು ಸೋಮಾರಿಗಳಂತೆ ಏಳುವುದೇಕೆ? ದಾರಿ ಇಕ್ಕಟ್ಟಾಗಿರುವುದರಿಂದ. ನಮ್ಮ ಸಿಲಿಂಡರಿನ ಹೊಟ್ಟೆ ಸುಮಾರು 1.2 ಲೀಟರ್, ಏಟು ಹತ್ತರಲ್ಲೊಂದು ಸೆಕೆಂಡಿನಲ್ಲಿ ಮುಗಿಯಬೇಕು. 6 ಮಿ.ಮೀ. ತೂತಿನಲ್ಲಿ ಅಷ್ಟು ಅನಿಲ ನುಗ್ಗಬೇಕಾದರೆ ಸೆಕೆಂಡಿಗೆ 400 ಮೀಟರಿಗೂ ಮಿಕ್ಕಿದ ವೇಗ ಬೇಕು. ಈ ಅನಿಲದಲ್ಲಿ ಶಬ್ದದ ವೇಗವೇ 270 ಮೀಟರಿನಷ್ಟು. ತೂತಿನೊಳಗೆ ಅದನ್ನು ಮೀರಿ ಹರಿಯಲು ಸಾಧ್ಯವಿಲ್ಲ. ತೂತು 20 ಮಿ.ಮೀ. ಆದರೆ 40 ಮೀಟರ್ ವೇಗ ಸಾಕು. ವಾಲ್ವ್, ಪೈಪು, ಸಿಲಿಂಡರಿನ ಬಾಯಿ ಮೂರೂ ಆ ಅಳತೆಗೆ ಇರಬೇಕು. ಒಂದು ಕಡೆ ಕಿರಿದಾದರೂ ಉಳಿದೆರಡಕ್ಕೆ ಹಾಕಿದ ದುಡ್ಡು ದಂಡ.

ರೆಗ್ಯುಲೇಟರ್ ಎಷ್ಟೇ ಒಳ್ಳೆಯದಾದರೂ ಆ ವೇಗಕ್ಕೆ ಅನಿಲ ಒದಗಿಸದು. ಅದಕ್ಕೇ ನಡುವೆ ಬಫರ್ ಟ್ಯಾಂಕ್ ಬೇಕು. ಕಾಳಿ ನದಿಯ ವಿದ್ಯುತ್ ಯೋಜನೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ: ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಸಂಗ್ರಹಕ್ಕೆ; ಅಲ್ಲಿಂದ ಬಿಟ್ಟ ನೀರನ್ನು ಬೊಮ್ಮನಹಳ್ಳಿಯ ಚಿಕ್ಕ ಅಣೆಕಟ್ಟು ತಡೆದು, ಅಗಲ ಸುರಂಗದ ಮೂಲಕ ನಾಗಝರಿಯ ಯಂತ್ರಗಳಿಗೆ ಕೇಳಿದ ಹೊತ್ತಿಗೆ ಒದಗಿಸುತ್ತದೆ. ಬಾಟಲಿ ಸೂಪಾ, ಬಫರ್ ಬೊಮ್ಮನಹಳ್ಳಿ. ಎರಡು ಲೀಟರಿನ ಬಫರ್ ಇಟ್ಟರೆ ಏಟಿನ ಕೊನೆಗೆ 8 ಬಾರ್ ಇದ್ದದ್ದು 5ಕ್ಕಿಂತ ಕೆಳಗೆ ಜಾರುತ್ತದೆ. ಬಲದ ಲೆಕ್ಕವನ್ನು ಸರಾಸರಿಗೆ ಹಾಕಬೇಕೇ ಹೊರತು ಮೊದಲ ಕ್ಷಣಕ್ಕಲ್ಲ. ಹಾಗೆ ಹಾಕಿದರೂ 700 ಜೂಲ್ ಮೀರಿ ಕೈಗೆ ಬರುತ್ತದೆ.

ಬಾಟಲಿಯ ವಿಷಯದಲ್ಲಿ ಚೌಕಾಶಿ ಬೇಡ. ತುಂಬಿದ್ದೆಷ್ಟು ಎಂಬುದನ್ನು ತಕ್ಕಡಿ ಹೇಳಬೇಕು; ದ್ರವ ಇರುವವರೆಗೂ ಗೇಜಿನ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಯಂತ್ರ ಮಗುಚಿದಾಗ ದ್ರವವೇ ರೆಗ್ಯುಲೇಟರಿಗೆ ನುಗ್ಗಿದರೆ ಸುಮಾರು 5 ಬಾರ್ ಒತ್ತಡದ ಕೆಳಗೆ ಅದು ಒಣ ಮಂಜುಗಡ್ಡೆಯಾಗಿ ದಾರಿ ಮುಚ್ಚುತ್ತದೆ. ಹೆಚ್ಚು ಒತ್ತಡದಲ್ಲಿ ಅನಿಲ ರಬ್ಬರ್ ಸೀಲಿನೊಳಗೆ ಇಳಿದು, ಒತ್ತಡ ಬಿಟ್ಟೊಡನೆ ಉಬ್ಬಿಸಿ ಸೀಳುತ್ತದೆ. ಪಾಲಿಯುರೆಥೇನ್ ಸೀಲು ಹೆಚ್ಚು ತಾಳಿಕೊಳ್ಳುತ್ತದೆ. ಒತ್ತಡ ಮೀರಿದರೆ ಒಡೆದು ಅನಿಲ ಹೊರಬಿಡುವ ಬರ್ಸ್ಟ್ ಡಿಸ್ಕ್, ಹೊರಗಿನಿಂದ ಕೈಗೆಟಕುವ ಡಂಪ್ ವಾಲ್ವ್, ಅವಧಿ ಮೀರದ ಹೈಡ್ರೋ ಟೆಸ್ಟ್ ಮುದ್ರೆ — ಈ ಮೂರಿಲ್ಲದ ಯಂತ್ರದ ಹತ್ತಿರ ನಿಲ್ಲಲೂ ಬೇಡಿ. ಅನಿಲ ಹೊರಬಿಡುವುದು ಬಯಲಲ್ಲಿ. ಮುಚ್ಚಿದ ಕೋಣೆಯಲ್ಲಿ ಅದು ಉಸಿರುಗಟ್ಟಿಸುತ್ತದೆ.

ಹಳಿಯಾಳದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಕಾಗದ ಕಾರ್ಖಾನೆಯ ಊರಾದ ದಾಂಡೇಲಿಗೆ ಫಿಟ್ಟರ್, ಟರ್ನರ್‌ಗಳು ಹೊಸಬರಲ್ಲ. ಇಲ್ಲಿಂದ ಫ್ಲಿಪ್ಪರ್ ಕಟ್ಟಿ ಬಾಂಬೆ ಐಐಟಿಯ ಟೆಕ್‌ಫೆಸ್ಟ್‌ನಂಥ ಅಖಾಡಕ್ಕೆ ಇಳಿಯುವ ಹುಮ್ಮಸ್ಸಿದ್ದವರು ದುಡ್ಡನ್ನು ಮೊದಲು ವಾಲ್ವಿಗೆ, ಆಮೇಲೆ ಬಫರ್ ಟ್ಯಾಂಕಿಗೆ, ಕೊನೆಗೆ ಸಿಲಿಂಡರಿಗೆ ಹಾಕಲಿ. ಪಂದ್ಯ ನಡೆಯುವುದು ಮೂರು ನಿಮಿಷ. ಹದಿನೈದನೆಯ ಏಟಿಗೂ ಎದುರಾಳಿ ಮಗುಚಿ ಬೀಳಬೇಕು. ಮೊದಲ ಏಟು ಎಷ್ಟು ಎತ್ತರಕ್ಕೆ ಹೋಯಿತೆಂದು ಯಾರೂ ಬಹುಮಾನ ಕೊಡುವುದಿಲ್ಲ.