ತೆಗೆದ ಪಟ, ತೆಗೆಸಿಕೊಂಡ ಪಟ

ಕನ್ನಡದಲ್ಲಿ ನಾವು ಫೋಟೋ ‘ತೆಗೆಯುತ್ತೇವೆ’. ಬಾವಿಯ ಹೂಳು ತೆಗೆಯುವುದಕ್ಕೂ ಬೀರುವಿನಿಂದ ಸೀರೆ ತೆಗೆಯುವುದಕ್ಕೂ ಇರುವ ಕ್ರಿಯಾಪದವೇ ಅದಕ್ಕೂ. ಇದ್ದ ಕಡೆಯಿಂದ ಏನನ್ನೋ ಎತ್ತಿಕೊಳ್ಳುವುದು ಅಂತ ಅರ್ಥ. ಆದರೆ ಹಳೆಯ ತಲೆಯವರು ಗೋಡೆಯ ಮೇಲಿನ ಪಟ ತೋರಿಸಿ ಹೇಳುತ್ತಿದ್ದುದು ಬೇರೆ: ‘ಇದು ದೊಡ್ಡವನು ಮಿಲಿಟರಿಗೆ ಹೋಗುವ ಮುಂಚೆ ತೆಗೆಸಿಕೊಂಡಿದ್ದು.’ ಇಡೀ ಸಂಸಾರ ಇಸ್ತ್ರಿ ಬಟ್ಟೆ ತೊಟ್ಟು, ಬಸ್ಸು ಹತ್ತಿ ಪೇಟೆಯ ಸ್ಟುಡಿಯೋಕ್ಕೆ ಹೋಗಿ, ತಾಜಮಹಲೋ ಜಲಪಾತವೋ ಬರೆದ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತು ಬರುತ್ತಿತ್ತು. ವಾರದ ನಂತರ ಪಟ ಬಂದರೆ ಕಟ್ಟು ಹಾಕಿಸಿ ಮೊಳೆ ಹೊಡೆಯುತ್ತಿದ್ದರು. ತೆಗೆದವನ ಹೆಸರು ಯಾರಿಗೂ ಬೇಕಿರಲಿಲ್ಲ. ಪಟದ ಯಜಮಾನರು ಅದರಲ್ಲಿ ಕೂತವರು.

ತೆಗೆಯುವುದಕ್ಕೂ ತೆಗೆಸಿಕೊಳ್ಳುವುದಕ್ಕೂ ನಡುವಿನ ಈ ಅಂತರವನ್ನೇ ಅಳತೆಗೋಲಾಗಿ ಹಿಡಿದು ಇಲ್ಲಿ ಒಂದು ಕ್ರೈಸ್ತ ಸೇವೆಯನ್ನು ನೋಡಬೇಕೆಂದಿದ್ದೇನೆ. ಭೂಕಂಪ, ಕಾಡ್ಗಿಚ್ಚುಗಳಲ್ಲಿ ಎಲ್ಲವನ್ನೂ ಕಳೆದುಕೊಂಡವರ ಭಾವಚಿತ್ರ ತೆಗೆಯುವುದನ್ನೇ ದೇವರ ಕೆಲಸವೆಂದು ನಂಬಿ ಮಾಡುವ ಛಾಯಾಗ್ರಾಹಕರಿದ್ದಾರೆ. ಅವರಲ್ಲಿ ಹೆಚ್ಚು ಹೆಸರಾದವರು ಅಮೆರಿಕದ ಟೆನ್ನೆಸೀ ರಾಜ್ಯದ ನ್ಯಾಶ್‌ವಿಲ್‌ನ ಜೆರೆಮಿ ಕೌವರ್ಟ್. ಗಾಯಕರು, ನಟರ ಚಿತ್ರ ತೆಗೆದು ಹೊಟ್ಟೆ ಹೊರೆಯುವ ವೃತ್ತಿಪರ. ತಮ್ಮ ನಂಬಿಕೆಯನ್ನು ಮುಚ್ಚಿಟ್ಟುಕೊಂಡವರಲ್ಲ, ಮೈಕು ಹಿಡಿದು ಸಾರಿದವರೂ ಅಲ್ಲ. ಈ ಸೇವೆಯವರೆಲ್ಲ ಪದೇ ಪದೇ ಬಳಸುವ ಮಾತಿಗೆ ನಾವು ಸಾಮಾನ್ಯವಾಗಿ ‘ಭರವಸೆ’ ಎನ್ನುತ್ತೇವೆ. ಕನ್ನಡ ಬೈಬಲ್ ಓದಿ ಬೆಳೆದವರಿಗೆ ಅದು ‘ನಿರೀಕ್ಷೆ’. ನಿರೀಕ್ಷೆಯ ಒಡಲಲ್ಲೇ ‘ನೋಡು’ ಎಂಬ ಧಾತು ಇದೆ. ಭರವಸೆಯನ್ನು ಯಾರಾದರೂ ಕೊಡಬಹುದು, ನಮ್ಮ ರಾಜಕಾರಣಿಗಳು ದಿನವೂ ಕೊಡುತ್ತಾರೆ. ನಿರೀಕ್ಷೆ ಹಾಗಲ್ಲ, ಕಾದು ಕೂತವರೇ ಅದನ್ನು ಕಣ್ಣಲ್ಲಿ ಹಿಡಿದಿರಬೇಕು. ಕ್ಯಾಮೆರಾದವರಿಗೆ ಈ ಎರಡನೆಯ ಪದ ಚೆನ್ನಾಗಿ ಒಗ್ಗುತ್ತದೆ, ಹಾಗೆಯೇ ಅವರನ್ನು ಕಟಕಟೆಯಲ್ಲೂ ನಿಲ್ಲಿಸುತ್ತದೆ.

ಕೌವರ್ಟ್ 2008ರಲ್ಲಿ ಯೋಚಿಸಿ, 2009ರ ಡಿಸೆಂಬರ್ 12ರಂದು ಮೊದಲ ಸಲ ನಡೆಸಿದ ಕಾರ್ಯಕ್ರಮದ ಹೆಸರು ‘ಹೆಲ್ಪ್-ಪೋರ್ಟ್ರೇಟ್’. ನಿಯಮ ನಾಲ್ಕೇ ಮಾತಿನದು: ಕಷ್ಟದಲ್ಲಿರುವವರನ್ನು ಹುಡುಕು, ಅವರ ಪಟ ತೆಗೆ, ಅಚ್ಚು ಹಾಕು, ಅವರ ಕೈಗೆ ಕೊಡು. ಮೊದಲೆರಡನ್ನು ಯಾರು ಬೇಕಾದರೂ ಮಾಡುತ್ತಾರೆ. ಪತ್ರಿಕೆಗಳು ನೂರು ವರ್ಷದಿಂದ ಮಾಡಿಕೊಂಡು ಬಂದಿದ್ದೂ ಅಷ್ಟನ್ನೇ. ಮೂರನೆಯದು, ನಾಲ್ಕನೆಯದರಲ್ಲಿ ಈ ಚಳವಳಿಯ ಜೀವವಿದೆ. ಚರ್ಚಿನ ಹಜಾರದಲ್ಲೋ ನಿರ್ಗತಿಕರ ತಂಗುದಾಣದಲ್ಲೋ ದೀಪ, ಪರದೆ ಕಟ್ಟುತ್ತಾರೆ. ತಲೆ ಬಾಚಿ ಕೊಡುವವರು, ಮುಖಕ್ಕೆ ಪೌಡರು ಹಚ್ಚುವವರು ಇರುತ್ತಾರೆ. ಬಂದವರು ಕನ್ನಡಿ ನೋಡಿಕೊಂಡು, ತಮಗೆ ಬೇಕಾದ ಹಾಗೆ ಕೂತು, ಪಟ ಹಿಡಿದುಕೊಂಡು ಹೋಗುತ್ತಾರೆ. ಆ ಚಿತ್ರಗಳು ಛಾಯಾಗ್ರಾಹಕನ ಹೆಸರು ಬೆಳೆಸಿಕೊಳ್ಳಲಿಕ್ಕಲ್ಲ. ತೆಗೆಯುವುದಲ್ಲ, ಕೊಡುವುದು ಎಂಬುದು ಅವರ ಘೋಷವಾಕ್ಯ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದೆಂಬ ಪರ್ವತ ಪ್ರಸಂಗದ ಕಟ್ಟಳೆಗೆ ಛಾಯಾಗ್ರಹಣ ಇಷ್ಟು ಹತ್ತಿರ ಬಂದಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಕನ್ನಡದ ಲೆಕ್ಕದಲ್ಲಿ ಅವು ಅಪ್ಪಟ ‘ತೆಗೆಸಿಕೊಂಡ’ ಪಟಗಳು.

ಸರಿಯಾಗಿ ಒಂದು ತಿಂಗಳಿಗೆ, 2010ರ ಜನವರಿ 12ರಂದು, ಹೈಟಿಯಲ್ಲಿ ನೆಲ ನಡುಗಿತು. 7.0 ತೀವ್ರತೆ, ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಕೇಂದ್ರಬಿಂದು. ಸತ್ತವರ ಲೆಕ್ಕ ಒಬ್ಬೊಬ್ಬರದು ಒಂದೊಂದು. ಅಧ್ಯಕ್ಷರ ಅರಮನೆ ಕುಸಿಯಿತು, ಮಹಾ ದೇವಾಲಯ ಕುಸಿಯಿತು, ಆರ್ಚ್‌ಬಿಷಪ್ ತೀರಿಕೊಂಡರು. ಮಾರನೆಯ ದಿನವೇ ಅಮೆರಿಕದ ಟೀವಿ ಬೋಧಕ ಪ್ಯಾಟ್ ರಾಬರ್ಟ್‌ಸನ್, ಹೈಟಿಯವರ ಪೂರ್ವಿಕರು ಸೈತಾನನ ಜೊತೆ ಮಾಡಿಕೊಂಡ ಒಪ್ಪಂದದ ಮಾತೆತ್ತಿದರು. ಗುಲಾಮಗಿರಿಯನ್ನು ಒದ್ದು ಸ್ವತಂತ್ರರಾದವರಿಗೆ ಎರಡು ಶತಮಾನ ಕಳೆದ ಮೇಲೂ ಸಿಕ್ಕ ಬಿರುದು ಇದು. ಅದೇ ಕ್ರೈಸ್ತ ನಂಬಿಕೆಯ ಕೌವರ್ಟ್ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದರು. ಸುದ್ದಿಚಿತ್ರಗಳ ತುಂಬ ಹೆಣಗಳೇ ಇದ್ದ ಹೊತ್ತಿನಲ್ಲಿ, ಬದುಕಿರುವವರು ಏನು ಹೇಳುತ್ತಾರೆ ಎಂದು ಕೇಳಿದರು. ಒಡೆದ ಗೋಡೆಯ ತುಂಡು, ಹಲಗೆ, ಕೈಗೆ ಸಿಕ್ಕಿದ್ದರ ಮೇಲೆ ತಮ್ಮ ಮಾತು ಬರೆದು ಹಿಡಿದುಕೊಂಡು ಜನ ನಿಂತರು. ‘ವಾಯ್ಸಸ್ ಆಫ್ ಹೈಟಿ’ ಹುಟ್ಟಿದ್ದು ಹೀಗೆ.

ಈ ಕೃತಿಯ ಬೆಲೆ ತಿಳಿಯಬೇಕಾದರೆ ಅದೇ ಭೂಕಂಪದ ದಿನಗಳಲ್ಲಿ ಅದೇ ಊರಿನಲ್ಲಿ ತೆಗೆದ ಇನ್ನೊಂದು ಚಿತ್ರ ನೆನೆಯಬೇಕು. ಪೊಲೀಸರ ಗುಂಡಿಗೆ ಸತ್ತಳೆನ್ನಲಾದ 15 ವರ್ಷದ ಹುಡುಗಿಯ ಶವದ ಚಿತ್ರಕ್ಕೆ ಸ್ವೀಡನ್ನಿನ ಛಾಯಾಗ್ರಾಹಕರೊಬ್ಬರಿಗೆ ಅವರ ದೇಶದ ಪ್ರಶಸ್ತಿ ಬಂತು. ಆಮೇಲೆ ಅದೇ ಜಾಗದ ಮತ್ತೊಂದು ಕೋನದ ಚಿತ್ರ ಹೊರಬಿತ್ತು: ಹುಡುಗಿ ಒಬ್ಬಳೇ ಬಿದ್ದಿದ್ದಾಳೆ, ಎದುರಿಗೆ ಕ್ಯಾಮೆರಾಗಳ ದಂಡೇ ಬಗ್ಗಿ ನಿಂತಿದೆ. ಆ ಚಿತ್ರದ ಪಕ್ಕ ಕೌವರ್ಟ್ ಚಿತ್ರಗಳನ್ನಿಟ್ಟರೆ ಮನಸ್ಸಿಗೆ ಉಸಿರು ಬರುತ್ತದೆ. ಇಲ್ಲಿರುವವರು ಎದುರಿಗೆ ನೋಡುತ್ತಿದ್ದಾರೆ. ಅವರಿಗೆ ಹೇಳಲು ಮಾತಿದೆ.

ಆದರೂ ನನ್ನ ತಕರಾರು ಇಲ್ಲಿಂದಲೇ ಶುರು. ಆ ಚಿತ್ರಗಳು ಹೋಗಿ ಸೇರಿದ್ದು ನ್ಯೂಯಾರ್ಕಿಗೆ. ಹೈಟಿಗೆ ನೆರವು ಕೂಡಿಸಲು 2010ರ ಮಾರ್ಚ್ 31ರಂದು ವಿಶ್ವಸಂಸ್ಥೆಯಲ್ಲಿ ನಡೆದ ಸಭೆಯಲ್ಲಿ ಅವುಗಳ ಪ್ರದರ್ಶನವಿತ್ತು. ಸಭೆಯಲ್ಲಿ 9.9 ಶತಕೋಟಿ ಡಾಲರ್‌ನ ವಾಗ್ದಾನವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದಿಂದ ನದಿಗೆ ಸೇರಿದ ಕಾಲರಾ ಹೈಟಿಯಲ್ಲಿ ಹತ್ತು ಸಾವಿರದಷ್ಟು ಜನರನ್ನು ಕೊಂದಿತು. ಸಂಸ್ಥೆ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. ಇದರಲ್ಲಿ ಕೌವರ್ಟ್ ತಪ್ಪು ಎಳ್ಳಷ್ಟೂ ಇಲ್ಲ. ಪಟ ಮಾತ್ರ ತೆಗೆಸಿಕೊಂಡವರ ಗೋಡೆ ಬಿಟ್ಟು ದೊರೆಗಳ ಹಜಾರ ಸೇರಿದಾಗ ಅದರ ಕೆಲಸವೇ ಬದಲಾಗುತ್ತದೆ. ಅಲ್ಲಿ ಅದು ಅರ್ಜಿ. ಚೆಂದದ ಅರ್ಜಿ, ಘನತೆಯುಳ್ಳ ಅರ್ಜಿ, ಆದರೂ ಅರ್ಜಿಯೇ. ಹೆಲ್ಪ್-ಪೋರ್ಟ್ರೇಟ್‌ನ ನಾಲ್ಕನೆಯ ನಿಯಮ ಇಲ್ಲಿ ಹಿಂದಕ್ಕೆ ಸರಿದಿದೆ.

ಸಂತ್ರಸ್ತರನ್ನು ಸಾಲಾಗಿ ಕೂರಿಸಿ ಪಟ ತೆಗೆದು, ದೂರದ ಊರಿಗೆ ಕಳಿಸಿ ದಾನ ಕೇಳುವ ಪದ್ಧತಿ ಹೊಸದಲ್ಲ. ಅದರ ಒಂದು ಬೇರು ನಮ್ಮ ಕಡೆಗೇ ಬರುತ್ತದೆ. 1876–78ರಲ್ಲಿ, ನಮ್ಮವರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ ಆ ಕಾಲದಲ್ಲಿ, ಮೈಸೂರು ಸೀಮೆಯ ಐದರಲ್ಲೊಂದು ಪಾಲಿನಷ್ಟು ಜನ ಅಳಿದರು. ಬೆಂಗಳೂರಿನಲ್ಲಿ ಗಂಜಿಗೆ ಕಾದು ಕೂತವರ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಮದ್ರಾಸ್ ಸೇನೆಯ ಅಧಿಕಾರಿ ವಿಲೋಬಿ ವ್ಯಾಲೇಸ್ ಹೂಪರ್ ಬರಪೀಡಿತರನ್ನು ಗುಂಪುಗುಂಪಾಗಿ ಕೂರಿಸಿ ತೆಗೆದ ಪಟಗಳು ಇಂದಿಗೂ ಉಳಿದಿವೆ. ಅಪ್ಪ, ಅಮ್ಮ, ಮಕ್ಕಳು, ಎಲುಬಿನ ಮೇಲೆ ಚರ್ಮ. ಅವುಗಳ ಅಣಿಗಾರಿಕೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ಅದು ಥೇಟು ಸ್ಟುಡಿಯೋ ಅಣಿಗಾರಿಕೆ: ಹಿರಿಯರು ನಡುವೆ, ಕಿರಿಯರು ಮುಂದೆ. ಕುಟುಂಬದ ಪಟವೇ, ಆ ಕುಟುಂಬಕ್ಕಾಗಿ ತೆಗೆದಿದ್ದಲ್ಲ. ಹೂಪರನ ಸಾಲಿನಲ್ಲಿ ಕೌವರ್ಟರನ್ನು ನಿಲ್ಲಿಸುವುದು ಅನ್ಯಾಯ. ಹೂಪರನ ಮುಂದೆ ಕೂತವರನ್ನು ಯಾರೂ ಮಾತಾಡಿಸಿದ ಗುರುತಿಲ್ಲ, ಹೈಟಿಯವರ ಕೈಯಲ್ಲಿ ಅವರದೇ ಬರಹವಿದೆ. ಚಿತ್ರ ಪಯಣಿಸಿದ ದಾರಿ ಮಾತ್ರ ಒಂದೇ.

ಕೌವರ್ಟ್ ಅವರ ಅತ್ಯಂತ ಸುಂದರ ಕೆಲಸ, ನನ್ನನ್ನು ಅತಿ ಹೆಚ್ಚು ಕಾಡಿದ ಕೆಲಸ, ‘ವಾಯ್ಸಸ್ ಆಫ್ ಗ್ಯಾಟ್ಲಿನ್‌ಬರ್ಗ್’. 2016ರ ನವೆಂಬರ್ 28ರ ರಾತ್ರಿ ಸ್ಮೋಕಿ ಬೆಟ್ಟಗಳ ಕಾಡ್ಗಿಚ್ಚು ಬಿರುಗಾಳಿಯ ಬೆನ್ನೇರಿ ಟೆನ್ನೆಸೀಯ ಈ ಪ್ರವಾಸಿ ಪಟ್ಟಣಕ್ಕೆ ನುಗ್ಗಿತು. 14 ಮಂದಿ ಸತ್ತರು, ಎರಡು ಸಾವಿರಕ್ಕೂ ಮಿಕ್ಕ ಕಟ್ಟಡಗಳು ಹಾಳಾದವು. ಕೌವರ್ಟ್ ಒಂದು ಹಾಸಿಗೆ ತಂದರು. ಮನೆ ಇದ್ದ ಜಾಗದ ಬೂದಿಯ ಮೇಲೆ ಅದನ್ನು ಹಾಸಿ, ಮನೆಯವರನ್ನು ಅದರ ಮೇಲೆ ಮಲಗಿಸಿದರು. ಡ್ರೋನ್ ಮೇಲಕ್ಕೆ ಹಾರಿಸಿ ನೆತ್ತಿಯ ಮೇಲಿಂದ ಚಿತ್ರ ತೆಗೆದರು. ಸುತ್ತ ಕರಕಲು, ಸುರುಟಿದ ತಗಡು, ಬೂದಿ. ನಡುವೆ ಬಿಳಿಯ ಆಯತ. ಅದರ ಮೇಲೆ ಮನುಷ್ಯರು, ಬೆಚ್ಚಗೆ, ಹತ್ತಿರ ಹತ್ತಿರ.

ಚಿತ್ರವಾಗಿ ಇದು ಗೆದ್ದಿದೆ. ಒಂದು ಮನೆಯಲ್ಲಿ ಎಲ್ಲಕ್ಕಿಂತ ಖಾಸಗಿ ಜಾಗ ಮಲಗುವ ಜಾಗ. ಮಾಡು ಹಾರಿಹೋದ ಮೇಲೆ ಆ ಜಾಗ ಆಕಾಶಕ್ಕೆ ತೆರೆದುಕೊಂಡಿದ್ದನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇನ್ನು ಹೇಗೆ ಹೇಳಲು ಸಾಧ್ಯ? ಅಳು ಕೇಳಿಲ್ಲ, ನಗು ಕೇಳಿಲ್ಲ. ‘ಸ್ಮೈಲ್ ಪ್ಲೀಸ್’ ಎಂಬ ವೃತ್ತಿಮಂತ್ರವನ್ನು ಕೈಬಿಟ್ಟಿದ್ದೇ ಈ ಸೇವೆಯ ಪ್ರೌಢತೆ. ನಿರೀಕ್ಷೆ ಎಂದ ಕೂಡಲೇ ಹಲ್ಲು ಕಾಣಿಸಬೇಕೆಂದುಕೊಳ್ಳುವ ಭಕ್ತರು ತಮ್ಮ ಬೈಬಲ್ಲಿನಲ್ಲೇ ‘ಪ್ರಲಾಪಗಳು’ ಎಂಬ ಒಂದು ಇಡೀ ಪುಸ್ತಕವಿದೆ ಎಂಬುದನ್ನು ಮರೆತಿರುತ್ತಾರೆ. ಸುಟ್ಟ ಪಟ್ಟಣದ ಮುಂದೆ ಕೂತು ಅತ್ತವರ ಪುಸ್ತಕ ಅದು. ಗ್ಯಾಟ್ಲಿನ್‌ಬರ್ಗಿನ ಚಿತ್ರಗಳು ಅದನ್ನು ಮರೆತಿಲ್ಲ.

ಆದರೆ ಆ ಕೋನ! ನೆತ್ತಿಯ ಮೇಲಿಂದ ತಮ್ಮನ್ನು ತಾವು ನೋಡಿಕೊಂಡ ಸಂಸಾರ ಲೋಕದಲ್ಲಿಲ್ಲ. ಅದು ದೇವರ ಕಣ್ಣು ಎಂದು ಭಕ್ತರು ಹೇಳಬಹುದು, ನಾನು ಅಷ್ಟು ದೂರ ಹೋಗಲಾರೆ, ನನಗೆ ಅಲ್ಲಿ ಕಾಣುವುದು ಕಲಾವಿದನ ಕಣ್ಣೇ. ಬಿಳಿ ಹಾಸಿಗೆ ಅವರದಲ್ಲ, ಅವರದು ಸುಟ್ಟುಹೋಯಿತು. ಮಲಗುವ ಭಂಗಿಯ ಯೋಚನೆಯೂ ಅವರದಲ್ಲ. ಅವರು ಒಪ್ಪಿ, ನಂಬಿ, ಬೂದಿಯಲ್ಲಿ ನಡೆದು ಬಂದು ಮಲಗಿದರು, ಅದಕ್ಕೆ ಧೈರ್ಯ ಬೇಕು, ಅದರ ಬಗ್ಗೆ ಎರಡು ಮಾತಿಲ್ಲ. ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಹೊಸ ಮನೆ ಕಟ್ಟಿ ಒಕ್ಕಲಾದ ದಿನ ಈ ಪಟವನ್ನು ಅವರು ನಡುಮನೆಯಲ್ಲಿ ತೂಗುಹಾಕುತ್ತಾರೆಯೇ? ನಾನಾದರೆ ಹಾಕುವುದಿಲ್ಲ. ದಿನವೂ ಊಟಕ್ಕೆ ಕೂತಾಗ ನನ್ನ ಮನೆಯ ಬೂದಿ ನನಗೆ ಬೇಡ. ನನಗೆ ಬೇಕಾದ್ದು ಮಕ್ಕಳು ತೊಡೆಯ ಮೇಲಿರುವ, ಅಮ್ಮನ ಸೆರಗು ನೆಟ್ಟಗಿರುವ, ಯಾವ ಪತ್ರಿಕೆಯೂ ಅಚ್ಚು ಹಾಕದ ಒಂದು ಸಪ್ಪೆ ಪಟ.

ಅದೇ ಬೆಂಕಿಗೆ ಅದೇ ಜಿಲ್ಲೆಯ ಮಗಳು, ಗಾಯಕಿ ಡಾಲಿ ಪಾರ್ಟನ್ ಸ್ಪಂದಿಸಿದ ರೀತಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಮನೆ ಕಳೆದುಕೊಂಡ ಕುಟುಂಬಗಳಿಗೆ ತಿಂಗಳಿಗೆ 1,000 ಡಾಲರ್, ಆರನೆಯ ಕೊನೆಯ ತಿಂಗಳಿಗೆ 5,000. ಹಣ ಕೊಟ್ಟಲ್ಲಿ ಪಟ ಯಾಕೆ ಎಂದು ಮೂಗು ಮುರಿಯುವವರ ಪೈಕಿ ನಾನಲ್ಲ. ಹಣದಿಂದ ಬಾರದ್ದು ಏನು ಎಂಬುದು ಜಪಾನಿನಲ್ಲಿ ಗೊತ್ತಾಗಿತ್ತು.

2011ರ ಮಾರ್ಚ್ 11ರ ಸುನಾಮಿಯ ನಂತರ ಕೆಸರಿನಲ್ಲಿ ಹುಡುಕುತ್ತಿದ್ದವರು ಫೋಟೋ ಕಂಡರೆ ಎತ್ತಿಡುತ್ತಿದ್ದರು. ಮಿಯಾಗಿ ಪ್ರಾಂತದ ಯಾಮಾಮೊಟೊ ಎಂಬ ಒಂದೇ ಪಟ್ಟಣದಲ್ಲಿ ಸಿಕ್ಕಿದ್ದು ಸುಮಾರು ಏಳೂವರೆ ಲಕ್ಷ. ಸ್ವಯಂಸೇವಕರು ಒಂದೊಂದನ್ನೂ ನೀರಿನಲ್ಲಿ ತೊಳೆದು, ಮೃದುವಾದ ಕುಂಚದಿಂದ ಮಣ್ಣು ಬಿಡಿಸಿ, ದಾರಕ್ಕೆ ಸಿಕ್ಕಿಸಿ ಒಣಗಿಸಿದರು. ವಾರಸುದಾರರು ಬಂದು ಹುಡುಕಿಕೊಂಡರು. ಎಷ್ಟೋ ಮನೆಗಳಲ್ಲಿ ಅಂತ್ಯಸಂಸ್ಕಾರದ ವೇದಿಕೆಯ ಮೇಲಿಡಲು ತೀರಿಕೊಂಡವರ ಒಂದು ಮುಖವೂ ಉಳಿದಿರಲಿಲ್ಲ. ಗಂಧದ ಹಾರ ಹಾಕಲು ಪಟವಿಲ್ಲದ ಸಾವು ಹೇಗಿರುತ್ತದೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷ ಟೋಕಿಯೋದಲ್ಲಿದ್ದ ಅಮೆರಿಕದ ಬ್ರಯನ್ ಪೀಟರ್‌ಸನ್ ಮತ್ತು ಯೂಕೊ ಯೊಶಿಕಾವಾ ‘ಫೋಟೋಹೋಕು’ ಶುರುಮಾಡಿದರು. ಕೂಡಲೇ ಅಚ್ಚಾಗಿ ಹೊರಬರುವ ಕ್ಯಾಮೆರಾದಲ್ಲಿ ಕುಟುಂಬದ ಪಟ ತೆಗೆದು, ಹೊಸ ಆಲ್ಬಮ್ಮಿನ ಮೊದಲ ಪುಟಕ್ಕೆ ಹಚ್ಚಿ ಕೊಟ್ಟು ಬರುವುದು ಅವರ ಕೆಲಸ. ಇಂಥ ಕ್ಯಾಮೆರಾದಲ್ಲಿ ನೆಗೆಟಿವ್ ಇರುವುದಿಲ್ಲ, ಇರುವುದೊಂದೇ ಪ್ರತಿ. ಕೊಟ್ಟ ಮೇಲೆ ಕೊಟ್ಟವನ ಬಳಿ ಏನೂ ಉಳಿಯುವುದಿಲ್ಲ. ಧರ್ಮಪ್ರಚಾರದ ಸೋಂಕಿಲ್ಲದ ಈ ಕೆಲಸ, ಕ್ರೈಸ್ತರು ಸೇವೆ ಎಂದು ಕರೆಯುವುದರ ಅತಿ ಶುದ್ಧ ರೂಪದಂತೆ ನನಗೆ ಕಾಣುತ್ತದೆ. ಕೌವರ್ಟ್ ಬರೆದ ನಾಲ್ಕನೆಯ ನಿಯಮವನ್ನು ಇಲ್ಲಿ ಯಂತ್ರವೇ ಪಾಲಿಸುತ್ತದೆ, ಮನುಷ್ಯನ ಸಂಕಲ್ಪವನ್ನು ಅಷ್ಟಾಗಿ ನಂಬಬೇಕಾಗಿಲ್ಲ.

ನಮ್ಮಲ್ಲಿ ಕೃಷ್ಣೆ, ಮಲಪ್ರಭೆ ಉಕ್ಕಿದಾಗ, ಕೊಡಗಿನ ಗುಡ್ಡ ಜಾರಿದಾಗ ಗಂಜಿ ಕೇಂದ್ರಗಳಲ್ಲಿ ಫೋಟೋಕ್ಕೇನೂ ಬರವಿರುವುದಿಲ್ಲ. ಅಕ್ಕಿ ಕಿಟ್ಟಿನ ಒಂದು ತುದಿ ದಾನಿಯ ಕೈಯಲ್ಲಿ, ಇನ್ನೊಂದು ತುದಿ ಅಜ್ಜಿಯ ಕೈಯಲ್ಲಿ, ನೋಟ ಮಾತ್ರ ದಾನಿಯದು ಕ್ಯಾಮೆರಾ ಕಡೆಗೆ, ಅಜ್ಜಿಯದು ಕಿಟ್ಟಿನ ಕಡೆಗೆ. ಆ ಪಟ ಅಜ್ಜಿಗೆ ಎಂದೂ ತಲುಪುವುದಿಲ್ಲ. ಸೇವೆಗೆ ಹೊರಡುವ ಸಭೆ, ಮಠ, ಸಂಘಗಳವರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಲ ಒಂದು ಸಣ್ಣ ಪ್ರಿಂಟರು, ಒಂದು ಬಾಚಣಿಗೆ, ಒಂದು ಕನ್ನಡಿ ಜೊತೆಗಿರಲಿ. ಅಜ್ಜಿ ಸೆರಗು ಸರಿಮಾಡಿಕೊಂಡು, ಮೊಮ್ಮಕ್ಕಳನ್ನು ಪಕ್ಕಕ್ಕೆ ಕರೆದು, ತನಗೆ ಬೇಕಾದ ಹಾಗೆ ಕೂರಲಿ.

ಗ್ಯಾಟ್ಲಿನ್‌ಬರ್ಗಿನ ಚಿತ್ರಗಳನ್ನು ಇನ್ನೂ ಹತ್ತು ಸಲ ನೋಡುತ್ತೇನೆ, ನೋಡಿದಾಗಲೆಲ್ಲ ಮೆಚ್ಚುತ್ತೇನೆ. ನನ್ನ ಮನೆಯವರ ಪಟ ಬೇಕಾದ ದಿನ ಮಾತ್ರ ಡ್ರೋನಿನ ಕೆಳಗೆ ಮಲಗುವುದಿಲ್ಲ. ಹೆಲ್ಪ್-ಪೋರ್ಟ್ರೇಟ್‌ನ ಸಾಲಿನಲ್ಲಿ ನಿಲ್ಲುತ್ತೇನೆ.