ಟ್ಯೂರಿಂಗನ ಅನುಕರಣ ಕ್ರೀಡೆ: ಒಂದು ವಿಮರ್ಶೆ

ಯಂತ್ರಬುದ್ಧಿಯ ಚರಿತ್ರೆಯನ್ನು ಬರೆಯುವವರೆಲ್ಲರೂ ಅಲನ್ ಟ್ಯೂರಿಂಗನು 1950ರ ಅಕ್ಟೋಬರಿನಲ್ಲಿ ‘ಮೈಂಡ್’ ಎಂಬ ತತ್ತ್ವಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಸ್ಮರಿಸುತ್ತಾರೆ. ಅದನ್ನು ಆದ್ಯಂತವಾಗಿ ಓದಿದವರು ಮಾತ್ರ ವಿರಳವೆಂದು ತೋರುತ್ತದೆ. ‘ಕೃತಕ ಬುದ್ಧಿಮತ್ತೆ’ ಎಂಬ ಹೆಸರು ಆ ಪ್ರಬಂಧದಲ್ಲಿಲ್ಲ. 1955ರಲ್ಲಿ ಜಾನ್ ಮೆಕಾರ್ತಿ ಮೊದಲಾದ ನಾಲ್ವರು ಡಾರ್ಟ್‌ಮತ್ ಕಾಲೇಜಿನ ಬೇಸಗೆಯ ಗೋಷ್ಠಿಗಾಗಿ ಬರೆದ ಮನವಿಯಿಂದ ಅದು ರೂಢಿಗೆ ಬಂದಿತು. ಗೋಷ್ಠಿ ಕೂಡಿದ್ದು 1956ರಲ್ಲಿ. ಟ್ಯೂರಿಂಗನು 1954ರಲ್ಲಿಯೇ ಕಾಲವಾಗಿದ್ದನು. ಅವನ ಪ್ರಬಂಧವನ್ನು ಕೀರ್ತಿಯಿಂದ ಬೇರ್ಪಡಿಸಿ, ಒಂದು ಕೃತಿಯಾಗಿ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಯಂತ್ರವು ಚಿಂತಿಸಬಲ್ಲುದೇ ಎಂಬ ಪ್ರಶ್ನೆಯನ್ನೆತ್ತಿ, ಅದು ಅಸ್ಪಷ್ಟವೆಂದು ಬದಿಗಿರಿಸಿ, ಅದರ ಸ್ಥಾನದಲ್ಲಿ ಲೇಖಕನು ಒಂದು ಆಟವನ್ನು ನಿಲ್ಲಿಸುತ್ತಾನೆ. ಒಬ್ಬ ಗಂಡಸು, ಒಬ್ಬ ಹೆಂಗಸು. ಬೇರೆ ಕೋಣೆಯಲ್ಲಿರುವ ಪ್ರಶ್ನಕಾರನು ಬೆರಳಚ್ಚಿನ ಉತ್ತರಗಳಿಂದಲೇ ಯಾರು ಯಾರೆಂದು ಗುರುತಿಸಬೇಕು. ಅವನನ್ನು ದಾರಿ ತಪ್ಪಿಸುವುದು ಗಂಡಸಿನ ಕೆಲಸ. ಆ ಗಂಡಸಿನ ಸ್ಥಾನದಲ್ಲಿ ಯಂತ್ರವನ್ನಿಟ್ಟರೆ ಏನಾದೀತು? ಕೆಲವು ಪುಟಗಳ ಅನಂತರ ಹೆಂಗಸಿನ ಪಾತ್ರವೂ ಸದ್ದಿಲ್ಲದೆ ಒಬ್ಬ ಗಂಡಸಿನ ಪಾಲಾಗುತ್ತದೆ. ಪರೀಕ್ಷೆಯೆಂದು ಲೋಕವಿಖ್ಯಾತವಾದುದರ ನಿಯಮಗಳಲ್ಲಿ ಇಷ್ಟು ಶೈಥಿಲ್ಯವಿರುವುದು ಗಮನಾರ್ಹ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಮಾದರಿ ಸಂವಾದದಲ್ಲಿ 34957ಕ್ಕೆ 70764ನ್ನು ಕೂಡಿಸೆಂದು ಕೇಳಲಾಗುತ್ತದೆ. ಸುಮಾರು ಮೂವತ್ತು ಸೆಕೆಂಡು ತಡೆದು ಬರುವ ಉತ್ತರ 105621. ಸರಿಯಾದ ಮೊತ್ತ 105721. ಮುದ್ರಣದೋಷವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಆಟವಾಡುವ ಯಂತ್ರವು ಲೆಕ್ಕದಲ್ಲಿ ಬೇಕೆಂದೇ ತಪ್ಪು ಮಾಡುವುದೆಂದು ಲೇಖಕನೇ ಮುಂದೆ ಹೇಳುತ್ತಾನೆ. ಹಾಗಾದರೆ ಈ ಕ್ರೀಡೆಯಲ್ಲಿ ಗೆಲ್ಲುವುದಕ್ಕೆ ಯಂತ್ರವು ತನಗೆ ತಿಳಿದುದನ್ನು ಮರೆಮಾಡಬೇಕು. ಅಳೆಯುತ್ತಿರುವುದು ಬುದ್ಧಿಯನ್ನೋ ವೇಷವನ್ನೋ ಎಂಬ ಸಂದೇಹವು ಪ್ರಬಂಧದೊಳಗಿನಿಂದಲೇ ಏಳುತ್ತದೆ. 2014ರಲ್ಲಿ ಲಂಡನ್ನಿನಲ್ಲಿ ರೆಡಿಂಗ್ ವಿಶ್ವವಿದ್ಯಾನಿಲಯವು ನಡೆಸಿದ ಸ್ಪರ್ಧೆಯಲ್ಲಿ ‘ಯೂಜೀನ್ ಗೂಸ್ಟ್‌ಮನ್’ ಎಂಬ ಕ್ರಮವಿಧಿಯು ಶೇಕಡ 33ರಷ್ಟು ತೀರ್ಪುಗಾರರನ್ನು ನಂಬಿಸಿತು. ಅದು ತೊಟ್ಟಿದ್ದ ವೇಷ ಉಕ್ರೇನಿನ ಹದಿಮೂರು ವರ್ಷದ ಹುಡುಗನದು. ಅರಿವಿನ ಕೊರತೆಗೆ ವಯಸ್ಸೂ, ಭಾಷೆಯ ಕೊರತೆಗೆ ದೇಶವೂ ನೆಪವಾದುವು.

ಪೂರ್ವಪಕ್ಷ ಖಂಡನೆಯಲ್ಲಿ ಟ್ಯೂರಿಂಗನು ನಿಜವಾಗಿಯೂ ಸಮರ್ಥ. ಒಂಬತ್ತು ಆಕ್ಷೇಪಗಳನ್ನು ಅವನು ಎದುರಿಸುತ್ತಾನೆ. (ಅತೀಂದ್ರಿಯ ಜ್ಞಾನವನ್ನು ಕುರಿತ ಆಕ್ಷೇಪಕ್ಕೆ ಅವನು ಕೊಡುವ ಗೌರವವನ್ನು ಕಂಡು ಇಂದಿನ ವಾಚಕನು ಬೆರಗಾಗದಿರಲಾರನು.) ತಾನು ಅನುಭವಿಸಿದ ಭಾವದಿಂದ ಕವಿತೆ ರಚಿಸಿ, ರಚಿಸಿದೆನೆಂಬುದನ್ನೂ ಅರಿಯುವವರೆಗೆ ಯಂತ್ರವು ಮೆದುಳಿಗೆ ಸಮನಲ್ಲವೆಂದು ಶಸ್ತ್ರವೈದ್ಯ ಜೆಫರ್ಸನ್ನನು 1949ರಲ್ಲಿ ವಾದಿಸಿದ್ದನು. ಇದಕ್ಕೆ ಉತ್ತರವಾಗಿ ಬರುವುದು ನಮಗೆ ಚಿರಪರಿಚಿತವಾದ ಮೌಖಿಕ ಪರೀಕ್ಷೆ: ವಿದ್ಯಾರ್ಥಿಗೆ ಪದ್ಯವು ಅರ್ಥವಾಗಿದೆಯೋ, ಅದು ಬರಿಯ ಗಿಳಿಪಾಠವೋ ಎಂಬುದನ್ನು ನಾವು ಪ್ರಶ್ನೆಗಳಿಂದಲ್ಲದೆ ಬೇರೆ ಹೇಗೆ ಅರಿಯುತ್ತೇವೆ? ಉತ್ತರ ಚತುರವಾದುದು. ಆದರೆ ಅಧ್ಯಾಪಕನು ವಿದ್ಯಾರ್ಥಿಯಲ್ಲಿ ಮನಸ್ಸಿದೆಯೆಂಬುದನ್ನು ಮೊದಲೇ ಒಪ್ಪಿಕೊಂಡು ಪ್ರಶ್ನಿಸುತ್ತಾನೆ. ಇಲ್ಲಿ ಅದೇ ಸಾಧ್ಯವಾಗಬೇಕಾದ ಅಂಶ. ಸಾಧ್ಯವೇ ಹೇತುವಿನಲ್ಲಿ ಅಡಗಿದೆ.

ಪ್ರಬಂಧದ ಸಾರವಿರುವುದು ಏಳನೆಯ, ಎಂದರೆ ಕೊನೆಯ ಭಾಗದಲ್ಲಿ. ತನ್ನ ಪಕ್ಷದಲ್ಲಿ ದೃಢವಾದ ಪ್ರಮಾಣಗಳಿಲ್ಲವೆಂದು ಲೇಖಕನು ಅಲ್ಲಿ ಸರಳವಾಗಿ ಹೇಳಿ, ಒಂದು ಲೆಕ್ಕವನ್ನು ಮುಂದಿಡುತ್ತಾನೆ. ಯಂತ್ರಕ್ಕೆ ಸುಮಾರು ನೂರು ಕೋಟಿ ಅಂಕಗಳ ಸ್ಮೃತಿ ಬೇಕು. ಒಬ್ಬನು ದಿನಕ್ಕೆ ಸಾವಿರ ಅಂಕಗಳನ್ನು ಬರೆದರೆ ಅರುವತ್ತು ಮಂದಿ ಐವತ್ತು ವರ್ಷ ದುಡಿಯಬೇಕು, ಅದೂ ಬರೆದುದು ಯಾವುದೂ ವ್ಯರ್ಥವಾಗದಿದ್ದರೆ. ಆದುದರಿಂದ ಪ್ರೌಢಬುದ್ಧಿಯನ್ನು ಬರೆಯುವುದಕ್ಕಿಂತ ಶಿಶುಬುದ್ಧಿಯೊಂದನ್ನು ನಿರ್ಮಿಸಿ, ಶಿಕ್ಷೆ ಬಹುಮಾನಗಳಿಂದ ಕಲಿಸುವುದು ಮೇಲು. ಅಂಥ ಯಂತ್ರದೊಳಗೆ ಏನು ನಡೆಯುತ್ತಿದೆಯೆಂಬುದು ಕಲಿಸುವವನಿಗೇ ಬಹುಪಾಲು ತಿಳಿಯದು ಎಂದೂ ಅವನು ಸೇರಿಸುತ್ತಾನೆ. ಯಂತ್ರವು ತಾನಾಗಿ ಏನನ್ನೂ ಸೃಷ್ಟಿಸದು, ನಾವು ಆಜ್ಞಾಪಿಸಬಲ್ಲುದನ್ನಷ್ಟೇ ಮಾಡುವುದು ಎಂದು 1843ರಲ್ಲಿ ಲೇಡಿ ಲವ್‌ಲೇಸ್ ಹೇಳಿದ ಮಾತಿಗೆ ಸಮರ್ಪಕವಾದ ಉತ್ತರ ಇದೇ. ಇಂದಿನ ಭಾಷಾಯಂತ್ರಗಳು ನಿಯಮಗಳನ್ನು ಒಂದೊಂದಾಗಿ ಬರೆದು ನಿರ್ಮಿಸಿದವುಗಳಲ್ಲ, ಅಪಾರವಾದ ಬರಹದಿಂದ ಕಲಿತವು. ಅವುಗಳ ಒಳಗನ್ನು ಅರಿಯುವ ತೊಡಕು ಅವುಗಳನ್ನು ನಿರ್ಮಿಸಿದವರಿಗೂ ಇದೆ. ಈ ಪ್ರಬಂಧವನ್ನು ತರಗತಿಯಲ್ಲಿ ಓದಿಸುವವರು ಏಳನೆಯ ಭಾಗದಿಂದಲೇ ತೊಡಗುವುದು ಲೇಸೆಂದು ನಮ್ಮ ಮತ.